ಮೆಹರ್ ಆಪಾಳ ದನಿ

ನಮ್ಮ ಊರಿನಲ್ಲಿ ಹತ್ತು ವರ್ಷ ತುಂಬದ ಯಂತ್ರ ನಡೆಯುವುದಿಲ್ಲ. ಹೊಸ ಗಡಿಯಾರ ಕಟ್ಟಿಕೊಂಡು ಬಂದರೆ ಊರ ಗಡಿಯ ಸೇತುವೆ ದಾಟುವಷ್ಟರಲ್ಲಿ ಮುಳ್ಳು ನಿಂತಿರುತ್ತದೆ. ತವರಿನಿಂದ ಹೊಸ ಮಿಕ್ಸರ್ ತಂದ ಸೊಸೆ ಅದನ್ನು ಅಟ್ಟಕ್ಕೇರಿಸಿ, ರುಬ್ಬುವ ಕಲ್ಲಿನ ಮುಂದೆ ಕೂತು, ತನ್ನ ಮಗಳು ಶಾಲೆಯಲ್ಲಿ ಮಗ್ಗಿ ಒಪ್ಪಿಸುವ ಹೊತ್ತಿಗೆ ಕೆಳಗಿಳಿಸುತ್ತಾಳೆ. ಮಗು ಹುಟ್ಟಿದ ವಾರವೇ ಅದಕ್ಕೊಂದು ಸೈಕಲ್ಲು ಕೊಂಡು ಗೋಣಿಚೀಲ ಸುತ್ತಿಡುವುದು ನಮ್ಮಲ್ಲಿ ಪದ್ಧತಿ. ಇದೇಕೆ ಹೀಗೆ ಎಂದು ಹೊರಗಿನವರು ಕೇಳುತ್ತಾರೆ. ಅದರ ಉತ್ತರ ಬೇಕು ಎಂದು ನಮಗೆ ಯಾವತ್ತೂ ಅನ್ನಿಸಿಲ್ಲ. ಯಾವುದಕ್ಕೆ ಎಷ್ಟು ವಯಸ್ಸಾಯಿತು ಎಂದು ಗೊತ್ತಿದ್ದರೆ ನಮ್ಮ ಸಂಸಾರ ನಡೆಯುತ್ತದೆ.

ಹೀಗಾಗಿ ನಮ್ಮಲ್ಲಿ ಓಡುವ ಬಸ್ಸುಗಳೆಲ್ಲ ಬೇರೆ ಊರಿನವರು ಬೇಡವೆಂದು ಬಿಟ್ಟವು. ಅವು ಹೊತ್ತಿಗೆ ಸರಿಯಾಗಿ ಹೊರಡುವುದಕ್ಕಿಂತ ಕೆಟ್ಟು ನಿಲ್ಲುವುದೇ ಹೆಚ್ಚು. ಒಂದರ ಗಾಲಿ ಬಿಚ್ಚಿ ಇನ್ನೊಂದಕ್ಕೆ ಹಾಕಿರುತ್ತಾರೆ. ಕರಿಬಾವಿಗೆ ಹೋಗಬೇಕಾದ ಬಸ್ಸು ಹಿರೇದಿನ್ನಿಯ ದಾರಿ ಹಿಡಿದಿರುತ್ತದೆ. ಆದ್ದರಿಂದ ನಮ್ಮ ನಿಲ್ದಾಣದಲ್ಲಿ ವೇಳಾಪಟ್ಟಿಯ ಹಲಗೆ ಎಂಬುದೇ ಇಲ್ಲ. ಇದ್ದವಳು ಮೆಹರುನ್ನಿಸಾ. ಊರಿಗೆಲ್ಲ ಮೆಹರ್ ಆಪಾ. ಕಂಟ್ರೋಲ್ ರೂಮಿನ ಕಿಟಕಿಯ ಹಿಂದೆ ಹಳೆಯ ಮೈಕಿನ ಮುಂದೆ ಕೂತು ಅವಳು ದಿನವಿಡೀ ಹೇಳುತ್ತಿದ್ದಳು: "ಕರಿಬಾವಿಗೆ ಹೋಗೋರು ಕೇಳ್ರಿ. ನಿಮ್ಮ ಬಸ್ಸಿನ ಬೆಲ್ಟ್ ಹರದೈತಿ. ಚಾ ಕುಡದು ಬರೂದ್ರಾಗ ಬ್ಯಾರೇದು ಹಾಕ್ತಾರ, ದೂರ ಹೋಗಬ್ಯಾಡ್ರಿ. ಕಂಬದ ಹಂತ್ಯಾಕ ಕೂಸು ಎತ್ಕೊಂಡು ನಿಂತಾಕಿ, ನೆರಳಿಗೆ ಕುಂದ್ರವ್ವ."

ನನ್ನದು ನಿಲ್ದಾಣದ ಎದುರಿಗೇ ಲಗ್ನಪತ್ರಿಕೆ ಅಚ್ಚು ಹಾಕುವ ಅಂಗಡಿ. ಹೆಸರು ನೀಲಗಂಗಾ, ನೀಲವ್ವ ಎಂದರೆ ಯಾರಾದರೂ ದಾರಿ ತೋರಿಸುತ್ತಾರೆ. ನಾನು ಮೊದಲ ಕಂಪ್ಯೂಟರ್ ತಂದಾಗ ಅದಕ್ಕೆ ಆಗಲೇ ಹತ್ತು ದಾಟಿತ್ತು. ಕಂಪ್ಯೂಟರನ್ನು ನಡೆಸುವ ಮೂಲ ಪ್ರೋಗ್ರಾಮನ್ನು ಅದನ್ನು ಮಾಡಿದ ಕಂಪನಿಯೇ ಮರೆತಿತ್ತು. ಹೊಸದನ್ನು ಹಾಕಹೋದರೆ, ಇಷ್ಟು ಮುದಿ ಯಂತ್ರ ನನಗೆ ಸಾಲದು ಎಂದು ಅದು ಮುಖ ತಿರುಗಿಸಿತು. ಸೇತುವೆಯ ಆಚೆ ಹಳೆ ಸಾಮಾನು ಮಾರುವವನೊಬ್ಬ ನನ್ನ ಕೈಗೆ ಒಂದು ಸಿ.ಡಿ. ಕೊಟ್ಟು, "ಇದು ಲಿನಕ್ಸ್ ಅಂತರೀ ಅಕ್ಕಾರ. ಪುಗಸಟ್ಟೆ. ಮುದಿ ಎತ್ತಿಗೂ ನೊಗಾ ಕಟ್ಟತೈತಿ" ಎಂದ. ಅಂದಿನಿಂದ ಅದನ್ನೇ ನಂಬಿದ್ದೇನೆ. ಪ್ರೋಗ್ರಾಮು ಮಾತ್ರ ನಮ್ಮ ಊರಿನ ಕಟ್ಟಳೆಗೆ ಸಿಗುವುದಿಲ್ಲ. ನಿನ್ನೆ ಬರೆದದ್ದೂ ಇವತ್ತು ನಡೆಯುತ್ತದೆ, ಹೊಸ ಪದ ಹಳೆ ತಂಬೂರಿಗೆ ಕೂಡಿದ ಹಾಗೆ.

ಸುಲಭವಾಗಿತ್ತು ಎಂದರೆ ಸುಳ್ಳಾಗುತ್ತದೆ. ಮೊದಲ ವರ್ಷ ಒತ್ತಕ್ಷರಗಳು ಪಕ್ಕಕ್ಕೆ ಜಾರಿ ಬಿದ್ದು, ವಧುವಿನ ಹೆಸರು ಓದಿದವರು ನಗುತ್ತಿದ್ದರು. ಪ್ರಿಂಟರು ಒಂದು ದಿನ ಮಾತು ಕೇಳಿದರೆ ಮರುದಿನ ಮುನಿಸಿಕೊಳ್ಳುತ್ತಿತ್ತು. ಕಪ್ಪು ಪರದೆಯ ಮೇಲೆ ಅದು ಸಾಲು ಸಾಲಾಗಿ ಬೈಯುವಾಗ ನಾನು ಕಣ್ಣು ಮುಚ್ಚಿ ಗುಂಡಿ ಒತ್ತಿಬಿಡುತ್ತಿದ್ದೆ. ಆಮೇಲೆ ತಿಳಿಯಿತು, ಬೈಗುಳವನ್ನು ಕೊನೆಯ ಸಾಲಿನವರೆಗೂ ಓದಬೇಕು. ತಪ್ಪು ಎಲ್ಲಿದೆ ಎಂದು ಅದು ಅಲ್ಲೇ ಹೇಳಿರುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಬೇಕು. ಯಾರೋ ಕೊಟ್ಟ ಆಜ್ಞೆಯನ್ನು ಅದು ಏನು ಮಾಡುತ್ತದೆಂದು ತಿಳಿಯದೆ ಹೊಡೆಯಬಾರದು. ಇಷ್ಟು ಕಲಿಯುವುದರೊಳಗೆ ತಲೆಯಲ್ಲಿ ಬಿಳಿ ಕೂದಲು ಬಂದಿತ್ತು, ಊರಿನ ಅರ್ಧ ಕಂಪ್ಯೂಟರುಗಳು ನನ್ನ ಅಂಗಡಿಯ ಮೆಟ್ಟಿಲು ಹತ್ತಿ ಇಳಿದಿದ್ದವು.

ಆ ವರ್ಷ ಬೇಸಿಗೆಯಿಂದಲೇ ಮೆಹರ್ ಆಪಾಳ ದನಿ ಒಡೆದಿತ್ತು. ನಿಲ್ದಾಣದ ಧೂಳು ಎಂದುಕೊಂಡಿದ್ದೆವು. ಒಂದು ಮಧ್ಯಾಹ್ನ ಅವಳು ಅಂಗಡಿಗೆ ಬಂದು, ಕಾಗದದ ರೀಮುಗಳನ್ನು ಸರಿಸಿ ಸ್ಟೂಲಿನ ಮೇಲೆ ಕೂತಳು.

"ನೀಲವ್ವ, ಗಂಟಲದಾಗ ಗಂಟು ಆಗೈತಿ. ಕೆಟ್ಟ ಗಂಟು. ದನಿ ಪೆಟಗೀನ ತಗದು ಒಗೀಬೇಕಂತ. ಜೀವಕ್ಕ ಏನೂ ಆಗೂದಿಲ್ಲ ಅಂದ್ರು ಡಾಕ್ಟರ್. ಮಾತು ಇರೂದಿಲ್ಲ."

ನನ್ನ ಕೈಯಲ್ಲಿದ್ದ ಕತ್ತರಿ ಮೇಜಿನ ಮೇಲಿಟ್ಟೆ. ಕಣ್ಣು ತುಂಬಿಕೊಂಡಿತು.

"ನೀ ಅಳಬ್ಯಾಡ. ಅಳೂದೆಲ್ಲಾ ನಾ ಮನ್ಯಾಗ ಮುಗಿಸಿ ಬಂದೀನಿ. ಈಗ ಕೆಲಸದ ಮಾತು ಆಡೋಣು."

ಆಪರೇಷನ್ ಆದ ಮೇಲೆ ಕುತ್ತಿಗೆಗೆ ಒತ್ತಿ ಹಿಡಿದು ಮಾತನಾಡುವ ಒಂದು ಸಣ್ಣ ಯಂತ್ರ ಕೊಡುತ್ತಾರಂತೆ. ಆದರೆ ಅದು ಹೊಸದು. ಸೇತುವೆ ದಾಟಿದೊಡನೆ ಅದೂ ಮೂಕವಾಗುತ್ತದೆ. ಹಳೆಯದು ಸಿಗುತ್ತದೆಯೇ ಎಂದು ಅವಳ ಗಂಡ ದಸ್ತಗೀರಣ್ಣ ಆಸ್ಪತ್ರೆಯಲ್ಲೂ ಗುಜರಿಯಲ್ಲೂ ಹುಡುಕಿದ್ದ. ಅಂಥದ್ದನ್ನು ಯಾರು ಎತ್ತಿಡುತ್ತಾರೆ? ದಸ್ತಗೀರಣ್ಣ ಕರಿಬಾವಿ ಬಸ್ಸಿನ ಡ್ರೈವರು. ಕೆಲಸ ಬಿಟ್ಟು ಸೇತುವೆಯ ಆಚೆ ಮನೆ ಹಿಡಿಯೋಣ, ಅಲ್ಲಿ ಯಂತ್ರವಾದರೂ ನಡೆಯುತ್ತದೆ ಎಂದು ಅವನು ಹಟ ಹಿಡಿದಿದ್ದ.

"ಅವರಂದದ್ದು ತಪ್ಪಲ್ಲ" ಎಂದಳು ಆಪಾ. "ನನ್ನ ಮಾತು ಕೇಳಬೇಕಂತ ಅವರಿಗೂ ಆಸೆ. ಆದ್ರ ಅಲ್ಲಿ ಹೋಗಿ ನಾ ಯಾರ ಜೋಡಿ ಮಾತಾಡ್ಲಿ? ನನ್ನ ಮಾತು ಬೇಕಾದ ಮಂದಿ ಎಲ್ಲಾ ಇಲ್ಲೇ ಅದಾರ." ನನ್ನ ಕಂಪ್ಯೂಟರಿನ ಕಡೆ ಗದ್ದ ಎತ್ತಿ ಕೇಳಿದಳು, "ಇದಕ್ಕ ಮಾತಾಡಾಕ ಬರತೈತೇನು?"

ಬರುತ್ತದೆ. ಬರೆದದ್ದನ್ನು ಓದುವ ಪ್ರೋಗ್ರಾಮು ನನ್ನಲ್ಲಿತ್ತು. 'ಕರಿಬಾವಿ ಬಸ್ಸು ಹೊರಡಲಿದೆ' ಎಂದು ಬರೆದು ಓದಿಸಿದೆ. ನೆಗಡಿಯಾದ ಗುಮಾಸ್ತನೊಬ್ಬ ಡಬ್ಬಿಯೊಳಗೆ ಕೂತು ಓದಿದ ಹಾಗಿತ್ತು. ಆಪಾ ಕೆಮ್ಮು ಬರುವವರೆಗೆ ನಕ್ಕಳು.

"ಯಾ ಅಲ್ಲಾ! ಇಂವಾ ಕರದ್ರ ಬಸ್ ಹತ್ತವರು ಯಾರು?" ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. "ಇವನ್ನ ತಗದು ನನ್ನ ದನಿ ಹಾಕಾಕ ಬರೂದಿಲ್ಲೇನು?"

"ಗೊತ್ತಿಲ್ಲ ಆಪಾ" ಎಂದೆ. "ಇಲ್ಲ ಅಂತ ಗೊತ್ತಾಗೂತನಕಾ ಹುಡಕ್ತೀನಿ."

ನಮ್ಮಲ್ಲಿ ಇಂಟರ್ನೆಟ್ಟು ಟೆಲಿಫೋನಿನ ತಂತಿಯ ಮೇಲೆ ತೆವಳಿಕೊಂಡು ಬರುತ್ತದೆ. ಹುಡುಕಿ ಹುಡುಕಿ ಕೊನೆಗೆ ಒಂದು ಹಳೆಯ ಪ್ರೋಗ್ರಾಮು ಸಿಕ್ಕಿತು. ಒಬ್ಬರು ಕೂತು ನೂರಾರು ವಾಕ್ಯ ಓದಿದರೆ ಅದು ಆ ದನಿಯನ್ನು ತುಣುಕು ತುಣುಕು ಮಾಡಿ, ಆ ತುಣುಕುಗಳನ್ನೇ ಹೊಲಿದು ಯಾವ ಹೊಸ ಮಾತನ್ನಾದರೂ ಆಡುತ್ತದೆ. ಕನ್ನಡಕ್ಕೆ ಯಾರೋ ಅರ್ಧ ಕೆಲಸ ಮಾಡಿ ಬಿಟ್ಟಿದ್ದರು. ನಾನು ಅವರ ಚರ್ಚೆಯ ಜಾಗಕ್ಕೆ ಬರೆದೆ. ನನ್ನ ಯಂತ್ರ ಯಾವುದು, ಏನು ಹೊಡೆದೆ, ಅದು ಏನೆಂದಿತು ಎಲ್ಲವನ್ನೂ ಅಕ್ಷರ ಬಿಡದೆ ಬರೆದೆ. ಸುಮ್ಮನೆ 'ಆಗುತ್ತಿಲ್ಲ, ಕಾಪಾಡಿ' ಎಂದು ಬರೆದವರಿಗೆ ಅಲ್ಲಿ ಯಾರೂ ಓಗೊಡುವುದಿಲ್ಲ, ಅದು ನ್ಯಾಯವೂ ಹೌದು. ಕೆಲವು ದಿನಗಳ ಮೇಲೆ ಗುರುತಿಲ್ಲದ ಒಬ್ಬರು ದೀರ್ಘವಾಗಿ ಉತ್ತರಿಸಿದರು. ಎಂಥ ವಾಕ್ಯ ಓದಿಸಬೇಕು, ಎಲ್ಲಿ ಎಡವುತ್ತೀರಿ ಎಂದೆಲ್ಲ ಹೇಳಿ, ಕೊನೆಗೆ 'ಕೋಣೆಯ ಸದ್ದೇ ನಿಮ್ಮ ಮೊದಲ ವೈರಿ' ಎಂದು ಎಚ್ಚರಿಸಿದ್ದರು.

ಸದ್ದಿಲ್ಲದ ಕೋಣೆ ಎಂದರೆ ಆಪಾಳ ಮನೆಯ ಜೋಳದ ಕೋಣೆ. ಚೀಲಗಳು ಸದ್ದನ್ನು ಕುಡಿಯುತ್ತವೆ. ಗೋಡೆಗೆ ಕೌದಿ ತೂಗುಹಾಕಿದೆವು, ಬಾಗಿಲಿಗೂ ಒಂದು. ಅವಳ ದನಿ ಸರಿಯಿರುತ್ತಿದ್ದುದು ಬೆಳಗಿನ ಹೊತ್ತು ಮಾತ್ರ. ಮೊದಲ ದಿನ ಓದಿಸಿ ಕೇಳಿದರೆ ಅವಳ ಮಾತಿನ ಹಿಂದೆ ಜೇನುಹುಳದ ಗುಂಯ್ ಸದ್ದು. ತಂತಿ ಬದಲಿಸಿದೆ, ಗುಂಯ್. ಮೈಕು ಬದಲಿಸಿದೆ, ಗುಂಯ್. ಒಂದೊಂದೇ ಬದಲಿಸುತ್ತಾ ಹೋದಾಗ ಕೊನೆಗೆ ದೋಷ ಮನೆಯ ಕರೆಂಟಿನದೇ ಎಂದು ಗೊತ್ತಾಯಿತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಹಸಿ ನೆಲದಲ್ಲಿ ಕಬ್ಬಿಣದ ಸಲಾಕೆ ಹುಗಿದು ಅರ್ಥಿಂಗ್ ತಂತಿ ಎಳೆದ ಮೇಲೆ ಹುಳ ಓಡಿಹೋಯಿತು.

ನಾನು ಓದಲು ಕೊಟ್ಟದ್ದೆಲ್ಲ ನಿಲ್ದಾಣದ ಮಾತು. ಊರುಗಳ ಹೆಸರು, ಟೈರು, ಬೆಲ್ಟು, ಬ್ರೇಕು, ಅರ್ಧ ತಾಸು ತಡ. ನಡುವೆ ಆಪಾ ಕಾಗದ ಕೆಳಗಿಟ್ಟಳು.

"ಬರೇ ಬಸ್ಸಿನ ಮಾತೇನ ನೀಲವ್ವ? ಸಂಜಿಮುಂದ ಮನಿಗೆ ಬಂದು ನಾ ಏನ ಮಾತಾಡ್ಲಿ? ಗಂಡನ ಮುಂದ ನಿಂತು, ಹಿರೇದಿನ್ನಿ ಬಸ್ ತಡಾ ಐತಿ ಅನ್ಲೇನು?"

ಅವಳೆಂದದ್ದು ಸರಿ. ಮರುದಿನದಿಂದ ಮನೆಯ ಮಾತುಗಳೂ ಸೇರಿದವು. ಉಪ್ಪು ಸಾಲದು, ಬಾಗಿಲು ಹಾಕು, ಸುಳ್ಳು ಹೇಳಬೇಡ, ನನಗೆ ಬೇಸರವಾಗಿದೆ, ಇವತ್ತು ನೀವೇ ಅಡುಗೆ ಮಾಡಿ. ಅಕ್ಕಪಕ್ಕದವರ ಮೇಲಿನ ದೂರುಗಳನ್ನಂತೂ ಅವಳು ಕಾಗದವಿಲ್ಲದೆಯೇ ಹೇಳಿದಳು. ಒಂದು ಬೆಳಿಗ್ಗೆ ಹೀಗೆ ಓದುತ್ತಿರುವಾಗ ದಸ್ತಗೀರಣ್ಣ ಕೌದಿ ಸರಿಸಿ ಒಳಗೆ ಬಂದ. ಡ್ಯೂಟಿಗೆ ಹೊರಟವನು, ಕೈಯಲ್ಲಿ ಟೋಪಿ.

"ನೀಲಕ್ಕಾರ, ನಿಮಗ ಕೈ ಮುಗೀತೀನಿ. ಆಕಿಗೆ ಇಲ್ಲದ ಆಸೆ ಹಚ್ಚಬ್ಯಾಡ್ರಿ. ನಾಳೆ ಇದು ಮಾತಾಡಲಿಲ್ಲಂದ್ರ ಆಕಿ ಎರಡನೇ ಸಲಾ ಮೂಕಿ ಆಗ್ತಾಳ. ಆವಾಗ ಮನ್ಯಾಗ ಇರಾಂವ ನಾ, ನೀವಲ್ಲ."

ಆಪಾ ಮೈಕಿನ ಮುಂದಿನಿಂದ ಅಲ್ಲಾಡದೆ ಹೇಳಿದಳು, "ನನಗ ಆಸೆ ಹಚ್ಚಾಕ ಯಾರೂ ಬೇಕಾಗಿಲ್ಲ. ನಿಮ್ಮ ಬಸ್ಸಿಗೆ ಹೊತ್ತಾತು. ಬಾಗಲಾ ಹಾಕ್ರಿ, ಸಪ್ಪಳಾ ಬರತೈತಿ." ಆ ವಾಕ್ಯವೂ ದಾಖಲಾಯಿತು. ಅಳಿಸಲೇ ಎಂದು ಕೇಳಿದೆ. "ಇರಲಿ. ಅದು ದಿನಾ ಬೇಕಾಗತೈತಿ" ಎಂದಳು.

ದಿನದ ಓದು ಮುಗಿದೊಡನೆ ನಾನು ಅದನ್ನು ಇನ್ನೆರಡು ಕಡೆ ನಕಲು ಮಾಡಿ, ನಕಲನ್ನೂ ತೆರೆದು ಕೇಳಿ ನೋಡುತ್ತಿದ್ದೆ. ಹಳೆಯ ಡಿಸ್ಕು ಮುದುಕರ ಹೃದಯವಿದ್ದ ಹಾಗೆ. ಒಂದೇ ಕಡೆ ಇಟ್ಟದ್ದು ಇಲ್ಲವೆಂದೇ ತಿಳಿಯಬೇಕು. ಒಂದು ಬೆಳಿಗ್ಗೆ ಯಂತ್ರ ಹಚ್ಚಿದರೆ ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು, ಆಮೇಲೆ ಏನೂ ಇಲ್ಲ. ಆಪಾಳ ಮುಖ ಸುಣ್ಣದ ಹಾಗಾಯಿತು. ಅಷ್ಟು ದಿನ ಹಿಂಡಿ ಹಿಂಡಿ ತೆಗೆದ ದನಿ ಅದರೊಳಗೆ ಸತ್ತಿತ್ತು. ನಾನು ತಿರುಪು ಬಿಚ್ಚಿ ಬೇರೆ ಡಿಸ್ಕು ಜೋಡಿಸಿ ನಕಲು ತೆರೆದೆ. ಅವಳದೇ ದನಿ ಅವಳಿಗೇ ಹೇಳಿತು, ಉಪ್ಪು ಸಾಲದು ಎಂದು. ಅವಳು ಜೋಳದ ಚೀಲಕ್ಕೆ ಒರಗಿ ಉಸಿರು ಬಿಟ್ಟಳು. ಆ ದಿನ ಹೆಚ್ಚು ಓದಿದಳು.

ಆದರೆ ಓದು ಮುಗಿಯಲಿಲ್ಲ. ಮುಂದಿನ ವಾರದ್ದೆಂದು ನಾನು ತೆಗೆದಿಟ್ಟಿದ್ದ ವಾಕ್ಯಗಳು ಹಾಗೇ ಉಳಿದವು. ಅವಳಿಗೆ ಉಸಿರು ಕಟ್ಟತೊಡಗಿತು. ಡಾಕ್ಟರು ಹೇಳಿದ ದಿನಕ್ಕೂ ಮೊದಲೇ ಸೇತುವೆ ದಾಟಿಸಬೇಕಾಯಿತು. ಹೊರಡುವಾಗ ನನ್ನ ಕೈ ಹಿಡಿದುಕೊಂಡು, ಗಾಳಿಯಷ್ಟೇ ಉಳಿದಿದ್ದ ದನಿಯಲ್ಲಿ, "ಉಳದದ್ದು ನೀ ನೋಡ್ಕೋ" ಎಂದಳು. ನಾನು ಕೇಳಿದ ಅವಳ ಕೊನೆಯ ಬಾಯಿಮಾತು ಅದು.

ಲಗ್ನದ ಸುಗ್ಗಿಯ ಕಾಲವಾದರೂ ನಾನು ಪತ್ರಿಕೆಯ ಕೆಲಸವನ್ನು ಬೇರೆಯವರಿಗೆ ಕಳಿಸಿದೆ. ವಾಕ್ಯಗಳನ್ನು ತುಣುಕು ಮಾಡುವ ಕೆಲಸಕ್ಕೆ ಹಚ್ಚಿದರೆ ನನ್ನ ಮುದಿ ಯಂತ್ರ ಏದುಸಿರು ಬಿಟ್ಟುಕೊಂಡು ಅರೆಯಿತು. ನಡುವೆ ನಿಂತಿತು, ಬೈಯಿತು. ಓದಿದೆ, ತಿದ್ದಿದೆ, ಮತ್ತೆ ಹಚ್ಚಿದೆ. ಮತ್ತೆ ನಿಂತಿತು. ಕೊನೆಗೊಮ್ಮೆ ಮುಗಿದಾಗ, ಆಪಾ ಯಾವತ್ತೂ ಓದದ ಒಂದು ವಾಕ್ಯ ಬರೆದು ಓದಿಸಿದೆ: 'ನೀಲವ್ವ, ಬಾಯಿ ಮುಚ್ಚಿಕೊಂಡು ಊಟ ಮಾಡು.' ಅಲ್ಲಲ್ಲಿ ಹೊಲಿಗೆ ಕಂಡರೂ ದನಿ ಅವಳದೇ. ನಾನು ಎದ್ದು ಹೋಗಿ ಊಟ ಮಾಡಿದೆ.

ಹೇಳುವ ಮಾತು ಸರಿಬಂತು. ಕೇಳುವ ಮಾತು ಬರಲಿಲ್ಲ. ಉಳಿದುಹೋದ ವಾಕ್ಯಗಳಲ್ಲೇ ಪ್ರಶ್ನೆಗಳೆಲ್ಲ ಇದ್ದವು. 'ಊಟ ಆಯಿತೇನು' ಎಂದು ಓದಿಸಿದರೆ ಆಗಿಹೋಯಿತು ಎಂದು ತೀರ್ಪು ಕೊಟ್ಟ ಹಾಗಿರುತ್ತಿತ್ತು. ವಾಕ್ಯದ ಬಾಲವನ್ನು ಎತ್ತಿಸುವ ದಾರಿ ಆ ಪ್ರೋಗ್ರಾಮಿನಲ್ಲಿತ್ತು. ಎಷ್ಟು ಎತ್ತಬೇಕೆಂದು ನನ್ನ ಕಿವಿಗೆ ಗೊತ್ತಾಗುತ್ತಿರಲಿಲ್ಲ. ಹಾಗೆ ಹೆಣಗುತ್ತಿರುವಾಗ ದಸ್ತಗೀರಣ್ಣ ಆಸ್ಪತ್ರೆಯಿಂದ ಬಟ್ಟೆ ಒಯ್ಯಲು ಊರಿಗೆ ಬಂದವನು ಅಂಗಡಿಯ ಮುಂದೆ ನಿಂತ. ಆಪರೇಷನ್ ಚೆನ್ನಾಗಿ ಆಗಿದೆ ಎಂದು ಹೇಳಲು ಬಾಯಿ ತೆರೆದಿದ್ದ. ಒಳಗಿನಿಂದ ಹೆಂಡತಿಯ ದನಿ ಬಂತು. ಅವನು ಬಾಗಿಲ ಚೌಕಟ್ಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟ. ಆಮೇಲೆ ಚಪ್ಪಲಿ ಕಳಚಿಟ್ಟು ಒಳಗೆ ಬಂದು ಕೂತ.

"ಇನ್ನೊಮ್ಮೆ ಹಚ್ಚರಿ" ಎಂದ. ಹಚ್ಚಿದೆ. ತಲೆ ಅಲ್ಲಾಡಿಸಿದ. "ಆಕಿ ಹಂಗ ಕೇಳೂದಿಲ್ರೀ."

ಸ್ವಲ್ಪ ಎತ್ತಿದೆ.

"ಊಹೂಂ. ಇದು ಪೊಲೀಸ್ರು ಕೇಳಿದಂಗಾತು."

ಇನ್ನಷ್ಟು ತಿದ್ದಿದೆ.

"ಈಗ ಭಿಕ್ಷಾ ಬೇಡಿದಂಗಾತು. ಆಕಿ ಯಾರ ಮುಂದೂ ಬೇಡೂಕಿ ಅಲ್ಲ. 'ಊಟ' ಅನ್ನೂದು ಕೆಳಗ ಇರ್ಲಿ. 'ಆತೇನು' ಅನ್ನೂದ್ರಾಗ ನಡುವ ಒಂದೀಟು ಏರಿ, ಮತ್ತ ಇಳೀತೈತಿ."

ಅವನು ಬಟ್ಟೆಗಂಟು ಒಯ್ಯಲು ಬಂದದ್ದನ್ನೇ ಮರೆತಂತಿತ್ತು. ಅವನು ಕಣ್ಣು ಮುಚ್ಚಿ ಕೂತಿರುತ್ತಿದ್ದ, ನಾನು ಅಂಕಿ ಬದಲಿಸುತ್ತಿದ್ದೆ. ಎಷ್ಟನೆಯ ಸಲವೋ ಗೊತ್ತಿಲ್ಲ, ಯಂತ್ರ "ಊಟ ಆತೇನು?" ಎಂದಿತು. ದಸ್ತಗೀರಣ್ಣ ಕಣ್ಣು ತೆರೆಯದೆಯೇ "ಹೂಂ" ಎಂದುಬಿಟ್ಟ. ಆಮೇಲೆ ಟೋಪಿಯಿಂದ ಮುಖ ಒರೆಸಿಕೊಂಡು ಹೊರಗೆ ಹೋದ. ಸೇತುವೆಯ ಆಚೆ ಬಾಡಿಗೆಗೆ ನೋಡಿಟ್ಟಿದ್ದ ಮನೆಯ ಮಾಲೀಕನಿಗೆ ಅವನು ಬೇಡವೆಂದು ಹೇಳಿಬಂದದ್ದು ಮುಂದಿನ ವಾರ ತಿಳಿಯಿತು.

ಅಷ್ಟರಲ್ಲಿ ನಿಲ್ದಾಣದ ಸ್ಥಿತಿ ಹದಗೆಟ್ಟಿತ್ತು. ಅಲ್ಲಿನ ಯಜಮಾನ ಗುರುಪಾದಪ್ಪ ಶಾಲೆಯ ಘಂಟೆ ತಂದು ಕಟ್ಟಿಸಿದ್ದರು. ಒಂದು ಪೆಟ್ಟು ಕರಿಬಾವಿಗೆ, ಎರಡು ಹಿರೇದಿನ್ನಿಗೆ. ಬಸ್ಸು ಕೆಟ್ಟರೆ ಎಷ್ಟು ಪೆಟ್ಟು ಎಂದು ಯಾರಿಗೂ ಗೊತ್ತಿರಲಿಲ್ಲ. ಒಂದು ಬೀಗರ ಹಿಂಡು ಬೇರೆಯದೇ ಊರಿಗೆ ಹೋಗಿ ಉಂಡು ಬಂತು. ನಾನು ಹೋಗಿ ನಮ್ಮ ಯಂತ್ರದ ಮಾತು ಎತ್ತಿದಾಗ ಅವರು ಕನ್ನಡಕ ಹಣೆಗೇರಿಸಿದರು.

"ಮಂದಿ ತುಂಬಿದಾಗ ನಿಮ್ಮ ಪೆಟಗಿ ಕೈ ಕೊಟ್ರ ಏನ್ ಮಾಡೂದ್ ನೀಲಕ್ಕಾರ? ಉತ್ತರಾ ನಾ ಕೊಡಬೇಕಲ್ಲ?"

"ಕೈ ಕೊಟ್ರ ಯಾಕ ಕೊಟ್ಟೈತಿ ಅಂತ ಅದೇ ಹೇಳತೈತ್ರಿ. ಬಸ್ಸು ಅಷ್ಟೂ ಹೇಳೂದಿಲ್ಲ."

ಅವರು ನಗಲಿಲ್ಲ. ಆದರೂ, "ಆತು. ಒಂದು ದಿನ ನೋಡೋಣು. ಸಂತಿ ದಿನಾ. ಅವತ್ತು ನಡದ್ರ ಯಾವತ್ತೂ ನಡದಂಗ" ಎಂದರು.

ಮೆಹರ್ ಆಪಾ ತೆಳ್ಳಗಾಗಿ ಬಂದಳು. ಕುತ್ತಿಗೆಯ ಮುಂದೆ ಬಿಳಿ ಬಟ್ಟೆಯ ಸಣ್ಣ ಪರದೆ. ಉಸಿರು ಅದರ ಹಿಂದಿನಿಂದ ಆಡುತ್ತಿತ್ತು. ಜನ ಅವಳನ್ನು ಕಂಡರೆ ಕಿವುಡಿಯೊಡನೆ ಮಾತಾಡುವಂತೆ ಕೂಗುತ್ತಿದ್ದರು, ಇಲ್ಲವೇ ಅವಳ ಪಕ್ಕದಲ್ಲಿದ್ದವರನ್ನು ಕೇಳುತ್ತಿದ್ದರು. ಕಾಯಿಪಲ್ಲೆಯವಳು ದಸ್ತಗೀರಣ್ಣನ ಕಡೆ ನೋಡಿ, "ಇವರಿಗೆ ಬದನಿಕಾಯಿ ಬೇಕಂತೇನ್ರಿ?" ಎಂದಾಗ ಆಪಾ ಬುಟ್ಟಿಯನ್ನು ಅಲ್ಲೇ ಇಟ್ಟು ಮನೆಗೆ ಬಂದಿದ್ದಳಂತೆ.

ನನ್ನ ಅಂಗಡಿಯಲ್ಲಿ ಅವಳು ಟೈಪು ಕಲಿತಳು. ಮೊದಲು ಒಂದೊಂದಕ್ಷರ ಹುಡುಕುತ್ತಿದ್ದವಳು ಬೇಗ ಬೇಸತ್ತಳು. ಉದ್ದ ಮಾತಿಗೆ ಗಿಡ್ಡ ಹೆಸರು ಕೊಡಬಹುದೆಂದು ನಾನೊಮ್ಮೆ ತೋರಿಸಿದ್ದೇ ಸಾಕಾಯಿತು. ಮರುದಿನ ಬಂದು ನೋಡಿದರೆ ತಾನೇ ಆ ಕಡತ ತೆರೆದು ತನ್ನ ಗಿಡ್ಡ ಹೆಸರುಗಳನ್ನು ಸೇರಿಸುತ್ತಿದ್ದಳು. 'ಬೆ' ಎಂದರೆ ಬೆಲ್ಟು ಹರಿದಿದೆ, 'ದೂ' ಎಂದರೆ ದೂರ ಹೋಗಬೇಡಿ, 'ಗು' ಎಂದರೆ ಗುರುಪಾದಪ್ಪ ಸಾಹೇಬರು ಎಲ್ಲಿದ್ದರೂ ಬರಬೇಕು. ಎಲ್ಲೋ ಒಂದು ಉದ್ಧರಣ ಚಿಹ್ನೆ ಮುಚ್ಚದೆ ಬಿಟ್ಟು ಇಡೀ ಕಡತ ಕೆಟ್ಟಿತು, ಪರದೆ ಬೈಯಿತು. ನನ್ನ ಕಡೆ ನೋಡಿದಳು. ನಾನು ಸುಮ್ಮನೆ ಪರದೆಯ ಕಡೆ ಬೆರಳು ತೋರಿಸಿದೆ. ಹುಬ್ಬು ಗಂಟಿಕ್ಕಿ ಕೊನೆಯ ಸಾಲಿನವರೆಗೆ ಓದಿ, ಎಷ್ಟನೆಯ ಸಾಲು ಎಂದು ಹುಡುಕಿ, ಚಿಹ್ನೆ ಮುಚ್ಚಿದಳು. ಸರಿಯಾದಾಗ ನನ್ನ ಬೆನ್ನಿಗೆ ಗುದ್ದಿದ ಗುದ್ದು ಎರಡು ದಿನ ನೋಯುತ್ತಿತ್ತು.

ಸಂತೆಯ ಮುನ್ನಾದಿನ ಅದೇ ಪ್ರೋಗ್ರಾಮಿನ ಹೊಸ ಆವೃತ್ತಿ ಬಂದಿದೆ, ದನಿ ಇನ್ನೂ ನುಣುಪಾಗುತ್ತದೆ ಎಂಬ ಸುದ್ದಿ ಬಂತು. ಆಪಾ ಆಸೆಯಿಂದ ನೋಡಿದಳು. "ಬ್ಯಾಡ" ಎಂದೆ. "ನಾಳೆ ಕೆಲಸಾ ಇದ್ದಾಗ ಇವತ್ತು ನಡಿಯೂದನ್ನ ಮುಟ್ಟಬಾರ್ದು. ಸಂತಿ ಮುಗೀಲಿ." ನನಗೂ ಆಸೆಯಿತ್ತು. ಟೆಲಿಫೋನಿನ ತಂತಿಯನ್ನೇ ಕಿತ್ತಿಟ್ಟೆ.

ಸಂತೆಯ ಬೆಳಿಗ್ಗೆ ನಿಲ್ದಾಣ ಇರುವೆಗೂಡಿನಂತಿತ್ತು. ಕೋಳಿ ಬುಟ್ಟಿ, ಮೆಣಸಿನಕಾಯಿ ಚೀಲ, ಸೀರೆ ಗಂಟು ಹೊತ್ತವರು ಘಂಟೆಯ ಕಡೆಯೇ ನೋಡುತ್ತಾ ನಿಂತಿದ್ದರು. ಕಂಟ್ರೋಲ್ ರೂಮಿನಲ್ಲಿ ಹಿಂದಿನ ಸಂಜೆಯೇ ಯಂತ್ರ ಜೋಡಿಸಿ ಪರೀಕ್ಷಿಸಿದ್ದೆ. ಆಪಾ ಸೀರೆಯ ಸೆರಗು ಸರಿಮಾಡಿಕೊಂಡು ಕೂತು, ಮೊದಲ ಮಾತು ಬರೆದು ಗುಂಡಿ ಒತ್ತಿದಳು.

ಏನೂ ಬರಲಿಲ್ಲ.

ಮತ್ತೆ ಒತ್ತಿದಳು. ಇಲ್ಲ. ಬಾಗಿಲಲ್ಲಿ ನಿಂತಿದ್ದ ಗುರುಪಾದಪ್ಪನವರು ನಿಟ್ಟುಸಿರಿಟ್ಟು ಘಂಟೆಯ ಕಡೆ ಹೊರಟರು. ಆದರೆ ಆಪಾ ನನ್ನ ತೋಳು ಜಗ್ಗಿ ಪರದೆ ತೋರಿಸಿದಳು. ನನಗಿಂತ ಮೊದಲೇ ಅವಳು ಓದಿ ಮುಗಿಸಿದ್ದಳು. ದನಿ ಹೊರಡುವ ದಾರಿಯನ್ನು ಬೇರೊಂದು ಪ್ರೋಗ್ರಾಮು ಹಿಡಿದುಕೊಂಡಿದೆ ಎಂದಿತ್ತು ಅದು. ಯಾವುದು ಎಂದು ಯಂತ್ರವನ್ನೇ ಕೇಳಿದೆ. ಬೆಳಿಗ್ಗೆ ಬೇಗ ಬಂದ ಗುರುಪಾದಪ್ಪನವರು ಶುಭವಾಗಲಿ ಎಂದು ಅದೇ ಯಂತ್ರದಲ್ಲಿ ಹಚ್ಚಿ, ಅರ್ಧಕ್ಕೆ ನಿಲ್ಲಿಸಿ ಬಿಟ್ಟಿದ್ದ ಭಜನೆ.

"ಸಾಹೇಬ್ರ" ಎಂದು ಕೂಗಿದೆ, "ನಿಮ್ಮ ದೇವರು ಬಾಗಲದಾಗ ಅಡ್ಡ ನಿಂತಾನ್ರೀ."

ಅವರು ಓಡಿ ಬಂದು ನೋಡಿ ನಾಲಿಗೆ ಕಚ್ಚಿಕೊಂಡರು. ಭಜನೆಯನ್ನು ಮುಚ್ಚಿದೆ. ಆಪಾ ಗುಂಡಿ ಒತ್ತಿದಳು.

"ಕರಿಬಾವಿಗೆ ಹೋಗೋರು ಕೇಳ್ರಿ. ನಿಮ್ಮ ಬಸ್ ತಯಾರೈತಿ. ದೂಡೂದು ಬೇಕಾಗಿಲ್ಲ. ಕೋಳಿ ಬುಟ್ಟಿ ಮ್ಯಾಲ ಹಾಕ್ರಿ, ಮಂದಿ ಒಳಗ ಕುಂದ್ರಿ."

ಹೂವಿನ ಬುಟ್ಟಿಯ ಮುದುಕಿಯೊಬ್ಬಳು ಎದ್ದು ನಿಂತು ಕಿಟಕಿಯ ಕಡೆ ನೋಡಿದಳು. ಯಾರೋ ಸಿಳ್ಳೆ ಹಾಕಿದರು. ಆಮೇಲೆ ಎಲ್ಲರೂ ತಮ್ಮ ತಮ್ಮ ಗಂಟು ಎತ್ತಿಕೊಂಡರು, ಯಾಕೆಂದರೆ ಬಸ್ಸು ಹೊರಟಿತ್ತು. ಸ್ಟೀರಿಂಗಿನ ಹಿಂದೆ ಕೂತಿದ್ದ ದಸ್ತಗೀರಣ್ಣ ಕಿಟಕಿಯ ಮುಂದೆ ಹಾದುಹೋಗುವಾಗ ಬೇಕಿಲ್ಲದಿದ್ದರೂ ಹಾರ್ನ್ ಹೊಡೆದ.

ಮಧ್ಯಾಹ್ನದವರೆಗೆ ಅವಳ ಕೈಗೆ ಬಿಡುವಿರಲಿಲ್ಲ. ಎರಡು ಬಸ್ಸು ಕೆಟ್ಟವು, ಒಂದರ ಬಾಗಿಲು ಕಳಚಿತು, ಯಾರದೋ ಎಮ್ಮೆ ನಿಲ್ದಾಣದೊಳಗೆ ಬಂತು. ಎಲ್ಲವನ್ನೂ ಅವಳು ಹೇಳಿದಳು. ನಾನು ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ, ಅವಶ್ಯ ಬಿದ್ದರೆ ಎಂದು. ಆಗ ಮೆಣಸಿನಕಾಯಿ ಚೀಲ ಹೊತ್ತ ಒಬ್ಬ ಕಿಟಕಿಗೆ ಬಂದು, "ಹಿರೇದಿನ್ನಿ ಬಸ್ ಎಷ್ಟೊತ್ತಿಗ್ರೀ?" ಎಂದು ಗಡಿಬಿಡಿಯಲ್ಲಿ ಕೇಳಿದ. ಆಪಾ ಬರೆಯತೊಡಗಿದಳು. ಅವನಿಗೆ ತಾಳ್ಮೆಯಿರಲಿಲ್ಲ. ಕಾಲು ಬದಲಿಸಿದ, ಬೆವರು ಒರೆಸಿಕೊಂಡ, ಆಮೇಲೆ ಅವಳ ತಲೆಯ ಮೇಲಿಂದ ನನ್ನ ಕಡೆ ಗದ್ದ ಎತ್ತಿದ. "ಅಕ್ಕಾರ, ನೀವ ಹೇಳಿಬಿಡ್ರಲ್ಲ."

ಉತ್ತರ ನನಗೆ ಗೊತ್ತಿತ್ತು. ಬಾಯಿ ತೆರೆದೆ. ಆಪಾ ತಲೆ ಎತ್ತಲಿಲ್ಲ, ಪರದೆಯಿಂದ ಕಣ್ಣು ತೆಗೆಯಲೂ ಇಲ್ಲ. ಎಡಗೈ ಚಾಚಿ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಬಲಗೈಯ ಬೆರಳುಗಳು ಒಂದೊಂದೇ ಅಕ್ಷರ ಹುಡುಕುತ್ತಾ ಮುಂದುವರಿದವು. ನಾನು ಬಾಯಿ ಮುಚ್ಚಿದೆ. ಕಿಟಕಿಯಾಚೆಯವನು ಒಮ್ಮೆ ನನ್ನನ್ನೂ ಒಮ್ಮೆ ಅವಳನ್ನೂ ನೋಡಿ ಸುಮ್ಮನೆ ನಿಂತ. ಅವನ ಹಿಂದೆ ಇನ್ನೂ ಕೆಲವರು ಬಂದು ನಿಂತರು. ಗುಂಡಿ ಒತ್ತಿದ ಸದ್ದು ಕೇಳಿಸಿತು.

"ಹಿರೇದಿನ್ನಿ ಬಸ್ ಗ್ಯಾರೇಜಿನಾಗ ಐತಿ. ಬರೂದು ಇನ್ನೂ ಅರ್ಧ ತಾಸು. ಅಲ್ಲೀತನಕಾ ಆ ಚೀಲಾ ಕೆಳಗ ಇಳಸಪ್ಪಾ, ಕುತಗಿ ನೋಯತೈತಿ."

ಅವನು ಚೀಲ ಇಳಿಸಿದ. ಕುತ್ತಿಗೆ ತಿರುಗಿಸಿ ನೋಡಿಕೊಂಡ. ಹೊರಡುತ್ತಾನೆಂದುಕೊಂಡೆ, ಹೊರಡಲಿಲ್ಲ. ಕಿಟಕಿಯ ಸರಳಿಗೆ ಮುಖ ತಂದು, "ಅವ್ವಾರ, ಅಲ್ಲಿಂದ ಮುಂದಕ್ಕ ಏನರ ಸಿಗತೈತೇನ್ರಿ?" ಎಂದು ಅವಳನ್ನೇ ಕೇಳಿದ. ಕೇಳಿ, ಎರಡೂ ಕೈಯಿಂದ ಸರಳು ಹಿಡಿದುಕೊಂಡು, ಅವಳ ಬೆರಳುಗಳನ್ನು ನೋಡುತ್ತಾ ಕಾದು ನಿಂತ.

ಆಪಾ ನನ್ನ ಮಣಿಕಟ್ಟು ಬಿಟ್ಟು ಎರಡೂ ಕೈಯಿಂದ ಬರೆಯತೊಡಗಿದಳು. ನಾನು ಸದ್ದಾಗದಂತೆ ಕುರ್ಚಿಯಿಂದ ಎದ್ದು ಹೊರಗೆ ಬಂದೆ.